ರಸ್ತೆ ದಾಟುವವರನ್ನು ಯಾರು ಎಣಿಸುತ್ತಾರೆ?

ಮದ್ದೂರು ಮತ್ತು ಮಂಡ್ಯದ ನಡುವೆ, ಹೆದ್ದಾರಿಗೆ ಅಂಟಿಕೊಂಡ ಹಾಗೆ ನಮ್ಮ ಚಿಕ್ಕಪ್ಪನ ಊರಿದೆ. ಮನೆ ರಸ್ತೆಯ ಈ ಕಡೆ, ಗದ್ದೆ ಆ ಕಡೆ. ಮೊದಲು ಎತ್ತು ಹೊಡೆದುಕೊಂಡು ಹೋದರೆ ಹತ್ತು ನಿಮಿಷದ ದಾರಿ. ಈಗ ಅಂಡರ್‌ಪಾಸ್ ಸಿಗುವ ತನಕ ಸರ್ವಿಸ್ ರೋಡಿನಲ್ಲಿ ಹೋಗಬೇಕು, ದಾಟಬೇಕು, ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. "ಗದ್ದೆ ಕಣ್ಣಿಗೆ ಕಾಣ್ತದೆ ಕಣಪ್ಪ, ಹೋಗೋಕೆ ಆಗಾಕಿಲ್ಲ" ಅಂತಾರೆ ಚಿಕ್ಕಪ್ಪ.

ಇದು ಒಬ್ಬ ರೈತರ ಗೋಳು ಮಾತ್ರ ಅಲ್ಲ. ನಾವು ಹೆದ್ದಾರಿ ಕಟ್ಟುವ ಲೆಕ್ಕದಲ್ಲೇ ಇರುವ ಕೊರತೆ ಇದು. ರಸ್ತೆಯ ಉದ್ದಕ್ಕೆ ಓಡುವ ಗಾಡಿಗಳನ್ನು ಒಂದೊಂದಾಗಿ ಎಣಿಸುತ್ತೇವೆ. ಅಡ್ಡ ದಾಟುವ ಜನ, ದನ, ನೀರು ಇವನ್ನು ಅಷ್ಟು ಶ್ರದ್ಧೆಯಿಂದ ಎಣಿಸುವುದಿಲ್ಲ. ದುಡ್ಡು ಆ ಎಣಿಕೆಯ ಹಿಂದೆಯೇ ಹೋಗುತ್ತದೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇವೆ. ಈಗ ಮೈಸೂರು–ಕುಶಾಲನಗರ ರಸ್ತೆಯ ಸರದಿ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳೋಣ ಅನಿಸಿತು.

ಮೊದಲು ಆಗಿರುವುದನ್ನು ನೋಡೋಣ. ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆ ನಡೆದದ್ದು 2023ರ ಮಾರ್ಚ್ 12ರಂದು, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಉದ್ದ 118 ಕಿ.ಮೀ. ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ಅಂದರೆ ಒಂದು ಕಿ.ಮೀ.ಗೆ ಹತ್ತಿರ ಹತ್ತಿರ 72 ಕೋಟಿ. ಮಧ್ಯದಲ್ಲಿ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರೋಡ್. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಊರುಗಳೆಲ್ಲ ಬೈಪಾಸ್ ಆದವು. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತದೆ ಅಂತ ಸರ್ಕಾರ ಹೇಳಿತು.

ಈ 75 ನಿಮಿಷವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. 118 ಕಿ.ಮೀ.ಯನ್ನು 75 ನಿಮಿಷದಲ್ಲಿ ಮುಗಿಸಬೇಕಾದರೆ ಸರಾಸರಿ ವೇಗ ಗಂಟೆಗೆ 94 ಕಿ.ಮೀ. ಇರಬೇಕು. ಇಲ್ಲಿನ ವೇಗದ ಮಿತಿಯೇ 100. ಹಾಗಾಗಿ ಆ 75 ನಿಮಿಷ ರಸ್ತೆಯ ಒಂದು ಬಾಯಿಂದ ಇನ್ನೊಂದು ಬಾಯಿಗೆ ಮಾತ್ರ. ಮನೆಯಿಂದ ಮನೆಗೆ ಅಲ್ಲ. ಸಿದ್ದಲಿಂಗಪುರ ದಾಟಿ ಮೈಸೂರಿನ ರಿಂಗ್ ರಸ್ತೆ ಸೇರುವ ಜಂಕ್ಷನ್‌ಗೆ ಬಂದರೆ ಸಿಗ್ನಲ್‌ನಲ್ಲಿ ನಿಲ್ಲಬೇಕು. ಆ ಕಡೆ ತುದಿಯಲ್ಲಿ ಕೆಂಗೇರಿಯ ದಟ್ಟಣೆ.

ಹಾಗಂತ ಈ ರಸ್ತೆ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ. ನಡುರಾತ್ರಿ ಎದೆನೋವು ಬಂದವರನ್ನು ಮೈಸೂರಿನ ಆಸ್ಪತ್ರೆಗೆ ಬೇಗ ಮುಟ್ಟಿಸಿದ್ದನ್ನು ನಮ್ಮ ಮನೆಯವರೇ ಕಂಡಿದ್ದಾರೆ. ಹಳೇ ನಾಲ್ಕು ಪಥದ ರಸ್ತೆಯಲ್ಲಿ, ಊರೂರಿನ ಹಂಪು ಹತ್ತಿ ಇಳಿದು ಹೋಗುವಾಗ ಅದು ಆಗುತ್ತಿರಲಿಲ್ಲ. ನನ್ನ ಪ್ರಶ್ನೆ ಬೇರೆ. ಇಷ್ಟು ದುಡ್ಡು ಸುರಿದ ಮೇಲೂ ದಾಟುವ ವ್ಯವಸ್ಥೆ ಏಕೆ ಕಡೆಯಲ್ಲಿ ಬಂತು?

ಉತ್ತರ ಡಿಪಿಆರ್‌ನಲ್ಲಿದೆ. ಅಂದರೆ ವಿವರವಾದ ಯೋಜನಾ ವರದಿ. ಸಲಹಾ ಸಂಸ್ಥೆಯೊಂದು ಬಂದು ಸರ್ವೆ ಮಾಡುತ್ತದೆ, ಮಣ್ಣು ಪರೀಕ್ಷೆ ಮಾಡುತ್ತದೆ, ಸಾಮಾನ್ಯವಾಗಿ ಏಳು ದಿನ ಗಾಡಿ ಎಣಿಸುತ್ತದೆ. ಎಣಿಸುವುದಕ್ಕೆ ಒಂದು ಅಳತೆಗೋಲಿದೆ. ಅದನ್ನು ಕೊಟ್ಟದ್ದು ಇಂಡಿಯನ್ ರೋಡ್ಸ್ ಕಾಂಗ್ರೆಸ್. ಒಂದು ಕಾರಿಗೆ 1 ಅಂಕ. ಬೈಕಿಗೆ 0.5. ಬಸ್ಸು, ಲಾರಿಗೆ 3. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗೆ 4.5. ಎತ್ತಿನ ಗಾಡಿಗೆ 8.

ಎತ್ತಿನ ಗಾಡಿಗೆ ಎಲ್ಲರಿಗಿಂತ ಜಾಸ್ತಿ ಅಂಕ ಇದೆಯಲ್ಲ ಅಂತ ಅನಿಸಬಹುದು. ಆದರೆ ಆ ಅಂಕ ಅದರಲ್ಲಿ ಕೂತವನಿಗೆ ಕೊಟ್ಟದ್ದಲ್ಲ. ಅವನ ಗಾಡಿಯಿಂದ ಬೇರೆಯವರಿಗೆ ಎಷ್ಟು ಅಡ್ಡಿ ಅನ್ನುವುದರ ಅಳತೆ ಅದು. ಒಟ್ಟು ಅಂಕ ಒಂದು ಮಟ್ಟ ದಾಟಿದರೆ ಎರಡು ಪಥ ನಾಲ್ಕಾಗುತ್ತದೆ, ನಾಲ್ಕು ಆರಾಗುತ್ತದೆ. ಹೀಗೆ ಕಬ್ಬಿನ ಟ್ರ್ಯಾಕ್ಟರ್ ಲೆಕ್ಕಕ್ಕೆ ಸೇರಿ ರಸ್ತೆ ಅಗಲವಾಗುತ್ತದೆ. ಅಗಲವಾದ ಮೇಲೆ ಅದೇ ಟ್ರ್ಯಾಕ್ಟರ್‌ಗೆ ಅಲ್ಲಿ ಜಾಗ ಇಲ್ಲ. ಇನ್ನು ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟುವ ಹೆಂಗಸಿಗೆ ಈ ಪಟ್ಟಿಯಲ್ಲಿ ಅಂಕವೇ ಇಲ್ಲ. ಪಾದಚಾರಿಗಳನ್ನು ಎಣಿಸಲು ಬೇರೆ ಸಮೀಕ್ಷೆ ಇರುತ್ತದೆ, ನಿಜ. ಆದರೆ ಅದು ನಡೆಯುವುದು ಆಯ್ದ ಕೆಲವು ಜಾಗಗಳಲ್ಲಿ. ಎಲ್ಲಿ ಎಣಿಸಬೇಕು ಅಂತ ತೀರ್ಮಾನಿಸುವವರು ಆ ಊರಿನವರಲ್ಲ.

ಎಣಿಸುವ ಆ ಏಳು ದಿನ ಯಾವುವು ಅನ್ನುವುದೂ ಮುಖ್ಯ. ಮಂಡ್ಯದಲ್ಲಿ ಕಬ್ಬು ಅರೆಯುವ ಹಂಗಾಮು ಒಂದು ಕಾಲ, ಬಿಡುವು ಇನ್ನೊಂದು ಕಾಲ. 1933ರಿಂದ ಇರುವ ಮೈಷುಗರ್ ಕಾರ್ಖಾನೆಯ ಸುತ್ತ ಹಂಗಾಮಿನಲ್ಲಿ ನಿಂತು ನೋಡಿ, ಆಮೇಲೆ ಬೇಸಿಗೆಯಲ್ಲಿ ನೋಡಿ. ಎರಡೂ ಒಂದೇ ಊರು ಅಂತ ಅನಿಸುವುದಿಲ್ಲ. ಆಲೆಮನೆಗಳ ಗಾಡಿಗಳು ಬೇರೆ. ಮೈಸೂರಿನಲ್ಲಿ ದಸರೆಯ ವಾರ ಇನ್ನೊಂದು ಲೆಕ್ಕ. ಯಾವುದೋ ಒಂದು ವಾರದ ಎಣಿಕೆಗೆ ಹಂಗಾಮಿನ ಗುಣಕ ಹಾಕಿ ವರ್ಷದ ಸರಾಸರಿ ತೆಗೆಯುತ್ತಾರೆ. ಮುಖ್ಯ ರಸ್ತೆಗೆ ಅದು ಸಾಕಾಗಬಹುದು. ಹಳ್ಳಿಯ ಅಡ್ಡದಾರಿಗೆ ಸಾಕಾಗುವುದಿಲ್ಲ.

ಎತ್ತರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಅಂಡರ್‌ಪಾಸ್, ಓವರ್‌ಪಾಸ್ ಸೇರಿ 89 ಇವೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಎಲ್ಲಾ ಅಂಡರ್‌ಪಾಸ್ ಒಂದೇ ಅಳತೆಯದ್ದಾಗಿರುವುದಿಲ್ಲ. ದೊಡ್ಡ ಗಾಡಿಗಳಿಗೆ ಅಂತ ಮಾಡುವುದು 5.5 ಮೀಟರ್ ಎತ್ತರ. ಸಣ್ಣ ಗಾಡಿಗಳಿಗೆ ಅಂತ ಮಾಡುವುದು 4 ಮೀಟರ್ ಆಸುಪಾಸು. ನಮ್ಮ ಕಡೆ ಹುಲ್ಲು ಹೇರುವವರು ಟ್ರ್ಯಾಕ್ಟರ್ ಮೇಲೆ ಇನ್ನೊಂದು ಮನೆ ಕಟ್ಟಿದ ಹಾಗೆ ಹೇರುತ್ತಾರೆ. ಸಣ್ಣ ಅಂಡರ್‌ಪಾಸಿನಲ್ಲಿ ಅದು ತಗಲುತ್ತದೆ. ಆಗ ಇನ್ನೂ ಮುಂದಿನ ಅಂಡರ್‌ಪಾಸ್ ಹುಡುಕಬೇಕು. ಎಷ್ಟು ಅಂಡರ್‌ಪಾಸ್ ಅನ್ನುವಷ್ಟೇ ಮುಖ್ಯ, ಯಾವ ಅಳತೆಯದು ಮತ್ತು ಯಾವ ದಾರಿಯ ಬಾಯಲ್ಲಿ ಅನ್ನುವುದು.

ಈಗ ದುಡ್ಡಿಗೆ ಬರೋಣ. ಊರಿನ ಅರಳಿಕಟ್ಟೆಯಲ್ಲಿ ತುಂಬಾ ಕೇಳಿಬರುವ ಮಾತು, "ಟೋಲ್ ಎಲ್ಲ ರಸ್ತೆ ಕಟ್ಟಿದ ಕಂಪನಿ ಜೇಬಿಗೆ" ಅನ್ನುವುದು. ಈ ರಸ್ತೆಯ ಮಟ್ಟಿಗೆ ಅದು ಸರಿಯಲ್ಲ. ಇದನ್ನು ಕಟ್ಟಿದ್ದು ಹೈಬ್ರಿಡ್ ಆನ್ಯುಟಿ ಅನ್ನುವ ಪದ್ಧತಿಯಲ್ಲಿ. ಕೇಂದ್ರ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಯೋಜನೆಗೆ 100 ರೂಪಾಯಿ ಆಗುತ್ತದೆ ಅಂದುಕೊಳ್ಳಿ. ಕೆಲಸ ನಡೆಯುವಾಗಲೇ ಸರ್ಕಾರದ ಕಡೆಯಿಂದ 40 ರೂಪಾಯಿ ಕಂತುಗಳಲ್ಲಿ ಸಿಗುತ್ತದೆ. ಉಳಿದ 60 ರೂಪಾಯಿಯನ್ನು ಗುತ್ತಿಗೆ ಕಂಪನಿ ತರಬೇಕು, ಹೆಚ್ಚಿನ ಪಾಲು ಬ್ಯಾಂಕ್ ಸಾಲ. ರಸ್ತೆ ಮುಗಿದ ಮೇಲೆ ಆ 60 ರೂಪಾಯಿಯನ್ನು ಬಡ್ಡಿ ಸಮೇತ 15 ವರ್ಷಗಳಲ್ಲಿ, ಆರು ತಿಂಗಳಿಗೊಂದು ಕಂತಿನಂತೆ, ಹೆದ್ದಾರಿ ಪ್ರಾಧಿಕಾರ ತೀರಿಸುತ್ತದೆ. ಅಷ್ಟೂ ಕಾಲ ರಸ್ತೆಯ ನಿರ್ವಹಣೆ ಕಂಪನಿಯದ್ದೇ. ಟೋಲ್ ದುಡ್ಡು ಸೇರುವುದು ಸರ್ಕಾರದ ಕಡೆಗೆ. ಗಾಡಿ ಕಮ್ಮಿ ಬಂದರೆ ನಷ್ಟವೂ ಸರ್ಕಾರದ್ದೇ. ಹಾಗಾಗಿ ಟೋಲ್ ಬಗ್ಗೆ ದೂರಿದ್ದರೆ ಕೇಳಬೇಕಾದ್ದು ಕಂಪನಿಯನ್ನಲ್ಲ, ಸರ್ಕಾರವನ್ನು.

ಟೋಲ್ ದರಕ್ಕೂ ಒಂದು ನಿಯಮ ಇದೆ. 2008ರ ಶುಲ್ಕ ನಿಯಮಗಳ ಪ್ರಕಾರ ಪ್ರತಿ ಏಪ್ರಿಲ್ 1ಕ್ಕೆ ದರ ಬದಲಾಗುತ್ತದೆ. ಶೇ 3 ನೇರ ಏರಿಕೆ, ಅದರ ಮೇಲೆ ಸಗಟು ಬೆಲೆ ಸೂಚ್ಯಂಕದ ಏರಿಕೆಯಲ್ಲಿ ಶೇ 40 ಭಾಗ. ಬೈಪಾಸ್‌ಗೆ ಖರ್ಚು 10 ಕೋಟಿ ದಾಟಿದ್ದರೆ ಅಷ್ಟು ದೂರಕ್ಕೆ ಒಂದೂವರೆ ಪಟ್ಟು ದರ. ಇಲ್ಲಿ ಊರಿಗೊಂದು ಬೈಪಾಸ್ ಇರುವುದರಿಂದ ದರ ಏಕೆ ದುಬಾರಿ ಅನ್ನುವುದಕ್ಕೆ ಅರ್ಧ ಉತ್ತರ ಇದರಲ್ಲೇ ಸಿಗುತ್ತದೆ. ಟೋಲ್ ಪ್ಲಾಜಾದಿಂದ 20 ಕಿ.ಮೀ. ಒಳಗಿನವರಿಗೆ ಸ್ವಂತ ಬಳಕೆಯ ವಾಹನಕ್ಕೆ ತಿಂಗಳ ಪಾಸ್ ಸಿಗುತ್ತದೆ. ಈ ರಸ್ತೆಯ ಗಣಂಗೂರು ಟೋಲ್ ಸುತ್ತಿನ ಊರಿನವರು ಇದನ್ನು ಕೇಳಿ ಪಡೆಯಬೇಕು.

ಹೈಬ್ರಿಡ್ ಆನ್ಯುಟಿ ಒಳ್ಳೆಯದೋ ಕೆಟ್ಟದ್ದೋ ಅನ್ನುವ ವಾದ ಬೇರೆ. ನನಗೆ ಮುಖ್ಯ ಅನಿಸುವುದು ಈ ಪದ್ಧತಿಯಲ್ಲಿ ಗುತ್ತಿಗೆ ಸಹಿಯಾದ ಮೇಲೆ ಏನಾಗುತ್ತದೆ ಅನ್ನುವುದು. ಡಿಪಿಆರ್‌ನಲ್ಲಿ ಏನಿದೆಯೋ ಅದು ಗುತ್ತಿಗೆಯೊಳಗೆ ಬರುತ್ತದೆ. ಅದರಲ್ಲಿ ಇಲ್ಲದ್ದು ಬೇಕು ಅಂದರೆ ಅದಕ್ಕೆ ಎಂಜಿನಿಯರ್‌ಗಳು ಹೇಳುವ ಹೆಸರು "ಚೇಂಜ್ ಆಫ್ ಸ್ಕೋಪ್". ಹೊಸ ಅಂದಾಜು ಬರೆಯಬೇಕು, ಸ್ವತಂತ್ರ ಎಂಜಿನಿಯರ್ ನೋಡಬೇಕು, ಮೇಲಿನ ಕಚೇರಿ ಒಪ್ಪಬೇಕು, ದುಡ್ಡು ಎಲ್ಲಿಂದ ಅಂತ ತೀರ್ಮಾನ ಆಗಬೇಕು. ಕೆಲವು ಸಲ ಹೊಸ ಟೆಂಡರ್ ಕರೆಯಬೇಕು. ಸುಮ್ನೆ ಒಂದು ಕಾಲ್ಸೇತುವೆ ಹಾಕಿಬಿಡಿ ಅಂದರೆ ಆಗುವುದಿಲ್ಲ. ನಕ್ಷೆಯ ಹಂತದಲ್ಲಿ ಪೆನ್ಸಿಲ್‌ನಲ್ಲಿ ಎಳೆಯಬಹುದಾಗಿದ್ದ ಅಂಡರ್‌ಪಾಸ್, ರಸ್ತೆ ಓಡಲು ಶುರುವಾದ ಮೇಲೆ ಆರು ಪಥ ಅಗೆಯುವ ಕೆಲಸವಾಗುತ್ತದೆ. ಅಷ್ಟರೊಳಗೆ ಜನ ಬೇಲಿ ಹಾರಿ ದಾಟುತ್ತಿರುತ್ತಾರೆ.

2023ರಲ್ಲಿ ಆದದ್ದು ಅದೇ. ಆ ಒಂದು ವರ್ಷದಲ್ಲಿ ಈ ಒಂದೇ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಕೆಲವರು ವೇಗಕ್ಕೆ ಬಲಿಯಾದರು, ಕೆಲವರು ದಾಟುವಾಗ ಹೋದರು. ಆಮೇಲೆ ಪೊಲೀಸರು ವೇಗದ ಕ್ಯಾಮೆರಾ ತಂದರು, 100 ದಾಟಿದವರಿಗೆ ದಂಡ ಹಾಕಿದರು. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆ ಬಂದ್ ಆಯಿತು. ಮುಂದಿನ ವರ್ಷ ಸಾವು ಗಣನೀಯವಾಗಿ ಇಳಿಯಿತು. ಇದು ದೊಡ್ಡ ವಿಷಯ, ಒಪ್ಪಲೇಬೇಕು. ಆ ಕೆಲಸ ಮಾಡಿದ ಪೊಲೀಸರಿಗೆ ನಾವು ಋಣಿಗಳು. ಆದರೆ ನಿಷೇಧ ಅಂದರೆ ಬೈಕಿನವರು, ಟ್ರ್ಯಾಕ್ಟರಿನವರು ಮಾಯವಾದರು ಅಂತಲ್ಲ, ಅಲ್ವಾ? ಅವರೆಲ್ಲ ಸರ್ವಿಸ್ ರೋಡಿಗೆ ಇಳಿದರು. ಆ ಸರ್ವಿಸ್ ರೋಡ್ ಕೆಲವು ಕಡೆ ಸೇತುವೆ ಬಂದಾಗ ತುಂಡಾಗುತ್ತದೆ. ಅಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್, ಶಾಲೆಯ ವ್ಯಾನು, ಎದುರು ಬರುವ ಬೈಕು ಒಂದೇ ಇಕ್ಕಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ನಿಷೇಧ ಹಾಕುವ ಹಕ್ಕು ಸರ್ಕಾರಕ್ಕಿದೆ. ಆದರೆ ನಿಷೇಧಕ್ಕಿಂತ ಮೊದಲು ಕೊನೆಯ ತನಕ ತುಂಡಾಗದ ಸರ್ವಿಸ್ ರೋಡ್ ಕೊಡುವ ಹೊಣೆಯೂ ಅದರದ್ದೇ.

ಅಡ್ಡ ದಾಟುವುದು ಮನುಷ್ಯ ಮಾತ್ರ ಅಲ್ಲ, ನೀರೂ ದಾಟುತ್ತದೆ. ನಮ್ಮ ಸೀಮೆಯಲ್ಲಿ ಒಂದು ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಎತ್ತರಿಸಿದ ಹೆದ್ದಾರಿ ಈ ಹಾದಿಗೆ ಅಡ್ಡ ನಿಂತರೆ ಅದು ರಸ್ತೆ ಅಲ್ಲ, ಏರಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೊಸ ರಸ್ತೆ ನೀರಿನಲ್ಲಿ ಮುಳುಗಿತು. ಉದ್ಘಾಟನೆಯಾದ ಒಂದೇ ವಾರದೊಳಗೆ, 2023ರ ಮಾರ್ಚ್‌ನ ಒಂದು ರಾತ್ರಿಯ ಮಳೆಗೆ, ಅಲ್ಲೇ ಅಂಡರ್‌ಪಾಸಿನಲ್ಲಿ ಮತ್ತೆ ನೀರು ನಿಂತಿತು. ಮೋರಿ ಎಷ್ಟು ಅಗಲ ಬೇಕು ಅನ್ನುವುದನ್ನು ಹಳೇ ಮಳೆಯ ದಾಖಲೆ ನೋಡಿ ಲೆಕ್ಕ ಹಾಕುತ್ತಾರೆ. ಆದರೆ ಮೇಲಿನ ಕೆರೆ ಒಡೆದರೆ ನೀರು ಎಲ್ಲಿ ನುಗ್ಗುತ್ತದೆ ಅಂತ ಕೆರೆ ನೀರು ನೋಡಿಕೊಳ್ಳುವ ಆ ಊರಿನ ನೀರುಗಂಟಿಗೆ ಗೊತ್ತು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಲ್ಲಿನ ಕಂಬಗಳ ಮೇಲೆ ಕಟ್ಟಿದ ವೆಲ್ಲೆಸ್ಲಿ ಸೇತುವೆ ಇದೆ. ಕಾವೇರಿ ತುಂಬಿ ಬಂದಾಗಲೆಲ್ಲ ನೀರು ಆ ಸಾಲುಕಂಬಗಳ ಸಂದಿಯಲ್ಲಿ ಹಾದು ಹೋಗಿದೆ. ಎರಡು ಶತಮಾನ ದಾಟಿದರೂ ಸೇತುವೆ ನಿಂತಿದೆ.

ಇಷ್ಟು ಹೊತ್ತು ದೊಡ್ಡ ರಸ್ತೆಯ ಮಾತಾಯಿತು. ನಮ್ಮ ಜಿಲ್ಲೆಗಳಲ್ಲಿ ಜನ ದಿನವೂ ಓಡಾಡುವುದು ರಾಜ್ಯ ಹೆದ್ದಾರಿಗಳಲ್ಲಿ, ಜಿಲ್ಲಾ ಮುಖ್ಯ ರಸ್ತೆಗಳಲ್ಲಿ, ನಾಲೆಯ ಏರಿ ಮೇಲಿನ ದಾರಿಗಳಲ್ಲಿ. ಇವುಗಳ ದುಡ್ಡಿನ ದಾರಿಯೇ ಬೇರೆ. ಪೆಟ್ರೋಲ್, ಡೀಸೆಲ್ ಮೇಲಿನ ಸೆಸ್‌ನಿಂದ ಬರುವ ಕೇಂದ್ರದ ರಸ್ತೆ ನಿಧಿಯಲ್ಲಿ ಸ್ವಲ್ಪ, ನಬಾರ್ಡ್ ಸಾಲ ಸ್ವಲ್ಪ, ಉಳಿದದ್ದು ರಾಜ್ಯದ ಬಜೆಟ್. ದೊಡ್ಡ ರಾಜ್ಯ ಹೆದ್ದಾರಿಗೆ ಹೊರಗಿನ ಸಾಲವೂ ಬಂದಿದೆ. ಮಳವಳ್ಳಿಯಿಂದ ಮದ್ದೂರು, ತುಮಕೂರು ಮೂಲಕ ಪಾವಗಡದವರೆಗಿನ ಸುಮಾರು 193 ಕಿ.ಮೀ. ರಸ್ತೆ ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಅಭಿವೃದ್ಧಿಯಾದದ್ದು.

ಲೋಕೋಪಯೋಗಿ ಇಲಾಖೆಯವರ ಜೊತೆ ಮಾತಾಡಿದರೆ ಎರಡು ಸಂಖ್ಯೆ ಮತ್ತೆ ಮತ್ತೆ ಕೇಳುತ್ತವೆ: 5054 ಮತ್ತು 3054. ಇವು ಬಜೆಟ್ಟಿನ ಲೆಕ್ಕ ಶೀರ್ಷಿಕೆಗಳು. 5054 ಅಂದರೆ ಬಂಡವಾಳ ವೆಚ್ಚ. ಹೊಸ ರಸ್ತೆ, ಅಗಲೀಕರಣ, ಸೇತುವೆ. 3054 ಅಂದರೆ ನಿರ್ವಹಣೆ. ಗುಂಡಿ ಮುಚ್ಚುವುದು, ಮೋರಿ ಸ್ವಚ್ಛ ಮಾಡುವುದು, ಕಿತ್ತುಹೋದ ಕಲ್ಲು ನಿಲ್ಲಿಸುವುದು. ಗುದ್ದಲಿ ಪೂಜೆ ನಡೆಯುವುದು 5054ಕ್ಕೆ. ಮೋರಿಯ ಹೂಳು ತೆಗೆಸಿದ್ದಕ್ಕೆ ಯಾರೂ ಹಾರ ಹಾಕಿಸಿಕೊಳ್ಳುವುದಿಲ್ಲ. ಹಾಗಾಗಿ ಒತ್ತಡವೆಲ್ಲ ಮೊದಲನೆಯದರ ಮೇಲೆ. ಇತ್ತ ರಸ್ತೆ ಮಾತ್ರ ದಿನಾ ಸವೆಯುತ್ತಿರುತ್ತದೆ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಹತ್ತಿರ ಹತ್ತಿರ 16 ಪಟ್ಟು. ಇದು ಎಂಜಿನಿಯರಿಂಗ್‌ನ ಹಳೇ ಲೆಕ್ಕ. ಅತಿ ಭಾರದ ಕಲ್ಲಿನ ಲಾರಿಗಳು ಓಡುವ ರಸ್ತೆ ಒಂದೇ ಮಳೆಗಾಲಕ್ಕೆ ಏಕೆ ಎದ್ದುಬರುತ್ತದೆ ಅಂದರೆ ಇದಕ್ಕೇ.

ನಾಲೆ ರಸ್ತೆಗಳ ವಿಷಯ ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆಗ ಎಲ್ಲರೂ ತಡೆಗೋಡೆಯ ಮಾತಾಡಿದರು. ಐದು ವರ್ಷ ಕಳೆದು 2023ರಲ್ಲಿ ಮತ್ತೆ ಕಾರುಗಳು ಅದೇ ನಾಲೆಗೆ ಬಿದ್ದವು, ಮತ್ತೆ ಜನ ಸತ್ತರು. ಒಂದು ಕಿ.ಮೀ. ತಡೆಗೋಡೆಗೆ ತಗಲುವ ಖರ್ಚು ಹೆದ್ದಾರಿಯ ಒಂದು ಕಿ.ಮೀ.ಯ 72 ಕೋಟಿಯ ಮುಂದೆ ಏನೇನೂ ಅಲ್ಲ. ಆದರೂ ಅದು ಏಕೆ ತಡವಾಗುತ್ತದೆ? ನಾಲೆ ನೀರಾವರಿಯವರದ್ದು. ಏರಿ ಮೇಲಿನ ದಾರಿ ಕೆಲವು ಕಡೆ ಅವರದ್ದೇ, ಕೆಲವು ಕಡೆ ಲೋಕೋಪಯೋಗಿಯದ್ದು, ಕೆಲವು ಕಡೆ ಪಂಚಾಯತ್ ರಾಜ್‌ನದ್ದು. ನಾಲೆಯ ಏರಿಯನ್ನು ಕಟ್ಟಿದ್ದು ನೀರು ನೋಡಿಕೊಳ್ಳುವವರು ಓಡಾಡಲು. ಬಸ್ಸು ಓಡುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಈಗ ಓಡುತ್ತಿದೆ. ದಾರಿ ಯಾರ ಪಟ್ಟಿಯಲ್ಲಿದೆಯೋ ಅವರ ಬಜೆಟ್ಟಿನಲ್ಲೇ ಗೋಡೆಗೂ ದುಡ್ಡು ಹುಟ್ಟಬೇಕು. ಎರಡು ಇಲಾಖೆಯ ನಡುವೆ ಬಿದ್ದ ದಾರಿಗೆ ದುಡ್ಡು ಹುಟ್ಟುವುದಿಲ್ಲ. ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಮಂಡ್ಯ ಜಿಲ್ಲೆಯ ಪ್ರತಿಯೊಂದು ನಾಲೆ ದಾರಿಗೂ ಇಂಥವರೇ ಹೊಣೆ ಅಂತ ಒಂದೇ ಆದೇಶದಲ್ಲಿ ಬರೆಸುತ್ತಿದ್ದೆ.

ಭೂಸ್ವಾಧೀನದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅದೇ ಒಂದು ದೊಡ್ಡ ಪುರಾಣ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವುದು 1956ರ ಕಾಯ್ದೆಯಲ್ಲಿ. ಮೊದಲು, ಈ ಜಮೀನು ಬೇಕು ಅಂತ ತಿಳಿಸುವ 3ಎ ಅಧಿಸೂಚನೆ. ಅದು ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. ಒಂದು ವರ್ಷದೊಳಗೆ 3ಡಿ ಬರುತ್ತದೆ, ಅಲ್ಲಿಗೆ ಜಮೀನು ಸರ್ಕಾರದ್ದು. ಪರಿಹಾರದ ಲೆಕ್ಕ ಮಾತ್ರ 2015ರಿಂದ 2013ರ ಹೊಸ ಭೂಸ್ವಾಧೀನ ಕಾಯ್ದೆಯ ಪ್ರಕಾರ. ನಮ್ಮ ಕಡೆ ಪರಿಹಾರ ತಡವಾಗಲು ಇನ್ನೊಂದು ಕಾರಣ ಪಹಣಿ. ಅಜ್ಜನ ಹೆಸರಲ್ಲೇ ಖಾತೆ ಇರುತ್ತದೆ. ಪೌತಿ ಖಾತೆ, ಅಂದರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರುವುದಿಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬರು ಒಪ್ಪದಿದ್ದರೆ ದುಡ್ಡು ಕೋರ್ಟಿಗೆ ಹೋಗುತ್ತದೆ. ರಸ್ತೆಯ ಸುದ್ದಿ ಕಿವಿಗೆ ಬಿದ್ದ ದಿನವೇ ಖಾತೆ ಸರಿ ಮಾಡಿಸಿಕೊಳ್ಳುವುದು ಒಳ್ಳೆಯದು.

ತಡವಾದರೆ ಎಷ್ಟು ತಡವಾಗಬಹುದು ಅನ್ನುವುದಕ್ಕೆ ಇದೇ ಬೆಂಗಳೂರು–ಮೈಸೂರು ನಡುವಿನ ಇನ್ನೊಂದು ರಸ್ತೆ ಸಾಕ್ಷಿ. ನೈಸ್ ರಸ್ತೆ ಅಂತ ನಾವು ಕರೆಯುವ ಕಾರಿಡಾರ್ ಯೋಜನೆಗೆ ಒಪ್ಪಂದ ಆದದ್ದು 1997ರಲ್ಲಿ. ಬೆಂಗಳೂರಿನ ಸುತ್ತಿನ ಭಾಗ ಬಿಟ್ಟರೆ ಮೈಸೂರಿನವರೆಗಿನ ದಾರಿ ಇವತ್ತಿಗೂ ಆಗಿಲ್ಲ. ಅದಕ್ಕೆ 2003ರಲ್ಲಿ ಅಧಿಸೂಚನೆಯಾಗಿ, 2005ರಲ್ಲಿ ಸ್ವಾಧೀನವಾದ ಗೊಟ್ಟಿಗೆರೆಯ ಕೆಲವು ಜಮೀನುಗಳಿಗೆ ಪರಿಹಾರದ ಆದೇಶ ಬಂದದ್ದು 2019ರಲ್ಲಿ. ಹಳೇ ಬೆಲೆಯಲ್ಲಲ್ಲ, 2019ರ ಬೆಲೆಯಲ್ಲಿ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಜನವರಿಯಲ್ಲಿ.

ಇಷ್ಟನ್ನೆಲ್ಲ ಹೇಳಿದ್ದು ಮೈಸೂರು–ಕುಶಾಲನಗರ ರಸ್ತೆಗಾಗಿ. ಅದಕ್ಕೂ ಶಂಕುಸ್ಥಾಪನೆ ಆದದ್ದು ಗೆಜ್ಜಲಗೆರೆಯ ಅದೇ ವೇದಿಕೆಯಲ್ಲಿ. 92 ಕಿ.ಮೀ., ನಾಲ್ಕು ಪಥ, ಸುಮಾರು 4,130 ಕೋಟಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಬಳಿ ಶುರುವಾಗಿ ಹುಣಸೂರು, ಪಿರಿಯಾಪಟ್ಟಣದ ಸೀಮೆ ಹಾದು ಕುಶಾಲನಗರದಾಚೆಯ ಗುಡ್ಡೆಹೊಸೂರು ತನಕ. ಹೊಗೆಸೊಪ್ಪು, ಶುಂಠಿ, ಜೋಳ ಬೆಳೆಯುವ ಜಮೀನು ಅದು. ಹಾರಂಗಿ ನಾಲೆಗಳು ಹರಿಯುವ ಜಾಗ. ಅಲ್ಲೂ ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ ಆಗುವವರು ಇದ್ದೇ ಇರುತ್ತಾರೆ.

ಆ ಭಾಗದ ಗ್ರಾಮ ಪಂಚಾಯಿತಿಗಳು ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಊರಿನ ನಕ್ಷೆ ಹರಡಿ ಅದರ ಮೇಲೆ ರಸ್ತೆಯ ಗೆರೆ ಎಳೆಯಿರಿ. ಶಾಲೆಗೆ ಹೋಗುವ ಕಾಲುದಾರಿ, ಗಾಡಿದಾರಿ, ದನ ನೀರಿಗೆ ಹೋಗುವ ದಾರಿ, ಸ್ಮಶಾನದ ದಾರಿ, ಕೆರೆಯ ಕೋಡಿ ಇವು ಆ ಗೆರೆಯನ್ನು ಎಲ್ಲೆಲ್ಲಿ ದಾಟುತ್ತವೆ ಅಂತ ಸರ್ವೆ ನಂಬರ್ ಸಮೇತ ಗುರುತು ಮಾಡಿ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಯೋಜನಾ ನಿರ್ದೇಶಕರ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಕೊಟ್ಟು, ಮೊಹರು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಮಣ್ಣು ಸುರಿದು ಏರಿ ಎದ್ದ ಮೇಲೆ ಕೇಳುವುದಕ್ಕೂ ಈಗ ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಕಳೆದ ತಿಂಗಳು ಚಿಕ್ಕಪ್ಪ ಪಿರಿಯಾಪಟ್ಟಣದ ಕಡೆಯ ಬೀಗರ ಮನೆಗೆ ಹೋಗಿದ್ದರು. ಅಲ್ಲಿ ಹಿತ್ತಲಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರ್ ನಿಂತಿತ್ತಂತೆ. ಬಿದಿರಿನ ಗಳ ಒಂದನ್ನು ನೆಟ್ಟಗೆ ಹಿಡಿಸಿ, ನೆಲದಿಂದ ಹುಲ್ಲಿನ ನೆತ್ತಿಯ ತನಕ ಟೇಪಿನಲ್ಲಿ ಅಳೆದರಂತೆ. "ಬರ್ಕೊಳಪ್ಪ ಇದನ್ನ" ಅಂತ ಬೀಗರ ಮಗನ ಕೈಯಲ್ಲಿ ಒಂದು ಚೀಟಿಯಲ್ಲಿ ಆ ಅಳತೆ ಬರೆಸಿ, ಪಂಚಾಯಿತಿಯ ಅರ್ಜಿಗೆ ಪಿನ್ ಮಾಡಿಸಿ ಬಂದಿದ್ದಾರೆ.